ಹತ್ತು ಮನೆಯ ಚಕ್ರ, ಮೂವತ್ತೆರಡು ಮನೆಯ ಲೆಕ್ಕ

ದಸರಾ ರಜೆಗೆ ಸುಳ್ಯದಿಂದ ಬಂದ ಅಕ್ಕನ ಮಗ ಮೊದಲ ರಾತ್ರಿ ಊಟಕ್ಕೆ ಕೂತಾಗಲೂ ಮೊಬೈಲು ಕೆಳಗಿಡಲಿಲ್ಲ. ಪರದೆಯ ಮೇಲೆ ಮೆಟ್ಟಿಲು ಮೆಟ್ಟಿಲಿನ ಪಿರಮಿಡ್, ಚಿನ್ನದ ಮುಖವಾಡ, ಉರುಳುವ ಚಕ್ರಗಳು. ಮೆಕ್ಸಿಕೊದ ಹಳೆಯ ಅಜ್ಟೆಕ್ ಜನರ ಹೆಸರಿನ ಸ್ಲಾಟ್ ಆಟ, ಚಕ್ರಗಳು ತಿರುಗಿ ಗೆರೆಯ ಮೇಲೆ ಒಂದೇ ಚಿತ್ರ ಮೂರು ನಿಂತರೆ ಗೆಲುವು. ಹಣ ಕಟ್ಟಿ ಆಡುವಂಥದ್ದನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ. ಇವನದು ಪುಕ್ಕಟೆ ನಾಣ್ಯಗಳ ಆಟ. ಆದರೂ ಕಣ್ಣು ಅಲ್ಲೇ ಅಂಟಿತ್ತು.

"ಮಾವ, ನೋಡಿ. ಎರಡು ಸೂರ್ಯ ಸರಿಯಾಗಿ ನಿಂತಿತು, ಮೂರನೇದು ಒಂದೇ ಮನೆ ಕೆಳಗೆ. ಇವತ್ತು ಎಂಟನೇ ಸಲ ಹೀಗೆ ಆಗುವುದು. ಇನ್ನೇನು ಬರ್ತದೆ."

ಆ "ಇನ್ನೇನು ಬರ್ತದೆ" ನನ್ನನ್ನು ರಾತ್ರಿಯಿಡೀ ಕೊರೆಯಿತು. ಬೈದರೆ ಮೊಬೈಲು ಬಚ್ಚಿಟ್ಟು ಆಡುತ್ತಾನೆ. ಲೆಕ್ಕ ಬರೆದು ತೋರಿಸಿದರೆ ತಲೆ ಆಡಿಸಿ ಎದ್ದು ಹೋಗುತ್ತಾನೆ. ಕೈಯಲ್ಲಿ ಮುಟ್ಟಿ ನೋಡುವಂಥ ಒಂದು ಯಂತ್ರವನ್ನೇ ಇಬ್ಬರೂ ಸೇರಿ ಕಟ್ಟಬೇಕು, ಅದರ ಹೊಟ್ಟೆಯೊಳಗೆ ಏನಿದೆ ಅನ್ನುವುದು ಅವನಿಗೆ ಪೂರ್ತಿ ಗೊತ್ತಿರಬೇಕು ಅಂದುಕೊಂಡೆ. ಬೆಳಿಗ್ಗೆ ಕೇಳಿದರೆ ನನಗಿಂತ ಮೊದಲು ಅವನೇ ಚಪ್ಪಲಿ ಮೆಟ್ಟಿಕೊಂಡ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದು: ಪ್ರೋಗ್ರಾಮು ಬರೆದು ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡು ಆರ್ಡುಯಿನೊ ಯುನೊ ಒಂದು, ಎಣಿಸಿದಷ್ಟೇ ಹೆಜ್ಜೆ ತಿರುಗಿ ನಿಲ್ಲುವ 28ಬಿವೈಜೆ-48 ಸ್ಟೆಪ್ಪರ್ ಮೋಟಾರು ಮೂರು, ಅವುಗಳನ್ನು ಓಡಿಸಲು ಜೊತೆಗೇ ಸಿಗುವ ಯುಎಲ್‌ಎನ್2003 ಡ್ರೈವರ್ ಬೋರ್ಡು ಮೂರು, ಒಂದು ಒತ್ತುಗುಂಡಿ, ಒಂದು ಟಾಗಲ್ ಸ್ವಿಚ್ಚು, ವಯರು. ಚಕ್ರಕ್ಕೆ ಮನೆಯ ಹಿಂದೆ ಬಿದ್ದಿದ್ದ ನಾಲ್ಕು ಇಂಚಿನ ಪಿವಿಸಿ ಪೈಪು. ಅದರ ಹೊರವ್ಯಾಸ 110 ಮಿ.ಮೀ., ಸುತ್ತಳತೆ ಸುಮಾರು 345 ಮಿ.ಮೀ. ಹತ್ತು ಮನೆ ಮಾಡಿದರೆ ಒಂದೊಂದಕ್ಕೆ ಮೂವತ್ತನಾಲ್ಕೂವರೆ ಮಿ.ಮೀ. ಬರುತ್ತದೆ. 50 ಮಿ.ಮೀ. ಅಗಲಕ್ಕೆ ಮೂರು ಬಳೆ ಕೊಯ್ದೆವು. ಹ್ಯಾಕ್ಸಾದಲ್ಲಿ ನೇರವಾಗಿ ಕೊಯ್ಯಲು ಪೈಪಿನ ಸುತ್ತ ಕಾಗದದ ಪಟ್ಟಿ ಬಿಗಿಯಾಗಿ ಸುತ್ತಿ ಅದರ ಅಂಚಿಗೆ ಗೆರೆ ಎಳೆದುಕೊಳ್ಳಬೇಕು. ಬಳೆಯೊಳಗೆ ಪ್ಲೈವುಡ್ಡಿನ ತಟ್ಟೆ, ಅದರ ನಡುವೆ ಮೋಟಾರಿನ 5 ಮಿ.ಮೀ. ದಂಡಕ್ಕೆ ತೂತು, ಸುತ್ತ ಎಂ-ಸೀಲ್. ಈ ಮೋಟಾರಿನ ದಂಡಕ್ಕೆ ಎರಡು ಕಡೆ ಚಪ್ಪಟೆ ಮಾಡಿರುತ್ತಾರೆ, ಹಾಗಾಗಿ ಎಂ-ಸೀಲ್ ಗಟ್ಟಿಯಾದ ಮೇಲೆ ಚಕ್ರ ಜಾರುವುದಿಲ್ಲ.

ಹತ್ತೇ ಮನೆ ಯಾಕೆಂದರೆ ಈ ಯಂತ್ರದ ಮೂಲಪುರುಷನಲ್ಲಿ ಇದ್ದದ್ದೂ ಅಷ್ಟೇ. 19ನೇ ಶತಮಾನದ ಕೊನೆಯ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಾರ್ಲ್ಸ್ ಫೇ ಕಟ್ಟಿದ ಲಿಬರ್ಟಿ ಬೆಲ್‌ನಲ್ಲಿ ಮೂರು ಚಕ್ರ, ಚಕ್ರಕ್ಕೆ ಹತ್ತು ಮನೆ. ಹತ್ತು ಸಲ ಹತ್ತು ಸಲ ಹತ್ತು, ಒಟ್ಟು 1000 ಜೋಡಣೆ. ಗಂಟೆಯ ಚಿತ್ರ ಮೂರೂ ಚಕ್ರದಲ್ಲಿ ಸಾಲಾಗಿ ನಿಂತರೆ 50 ಸೆಂಟ್ ಬಹುಮಾನ. ಅದರ ಮುಂದೆ ಕೂತವನು ತಾಳ್ಮೆಯಿದ್ದರೆ ಚಕ್ರದ ಮೇಲಿನ ಚಿತ್ರಗಳನ್ನು ಎಣಿಸಿ ತನ್ನ ಅದೃಷ್ಟದ ಅಳತೆಯನ್ನು ತಾನೇ ತೆಗೆಯಬಹುದಿತ್ತು.

ಚಿತ್ರ ಬರೆಯುವ ಕೆಲಸಕ್ಕೆ ಎರಡು ದಿನ ಹೋಯಿತು. ಅಷ್ಟು ಹೋದದ್ದಕ್ಕೆ ನನಗೆ ಬೇಸರವಿಲ್ಲ. ಹುಡುಗನ ಆಟದಲ್ಲಿದ್ದ ಪಿರಮಿಡ್ ಅಜ್ಟೆಕರದ್ದೇ ಅಲ್ಲ. ಅದು ಮೆಕ್ಸಿಕೊದ ಯುಕಟಾನಿನ ಚಿಚೆನ್ ಇಟ್ಜಾದ್ದು, ಮಾಯಾ ಜನರದ್ದು. ಅಜ್ಟೆಕರು ಅಂತ ನಾವು ಕರೆಯುವ ಮೆಶಿಕಾ ಜನರ ರಾಜಧಾನಿ ತೆನೋಚ್‌ತಿತ್ಲಾನ್. ಅದು 1521ರ ಆಗಸ್ಟ್ 13ರಂದು ಸ್ಪೇನಿನವರ ಕೈಗೆ ಬಿತ್ತು, ಈಗ ಮೆಕ್ಸಿಕೊ ನಗರದ ಅಡಿಯಲ್ಲಿದೆ. ಅಲ್ಲಿನ ದೊಡ್ಡ ದೇವಾಲಯದ ತುದಿಯಲ್ಲಿ ಒಂದಲ್ಲ, ಎರಡು ಗುಡಿ: ಮಳೆಯ ತ್ಲಾಲೋಕನಿಗೆ ಒಂದು, ಯುದ್ಧದ ಹುಯಿತ್ಸಿಲೋಪೋಚ್ತ್ಲಿಗೆ ಒಂದು. ಒಂದು ಜನರ ಹೆಸರು, ಇನ್ನೊಂದು ಜನರ ಗುಡಿ. ಬೇಲೂರಿನ ಚಿತ್ರ ಹಾಕಿ ತಂಜಾವೂರು ಅಂತ ಬರೆದರೆ ನಮಗೆ ಹೇಗಾಗುತ್ತದೋ ಹಾಗೆ.

ನಮ್ಮ ಚಕ್ರಕ್ಕೆ ಅವರದೇ ಪಂಚಾಂಗದಿಂದ ಚಿತ್ರ ಆರಿಸಿದೆವು. ಅವರ 260 ದಿನಗಳ ಎಣಿಕೆಯಲ್ಲಿ 20 ದಿನಚಿಹ್ನೆಗಳಿವೆ. ಆ ಇಪ್ಪತ್ತೂ ಸೂರ್ಯಶಿಲೆಯ ಮೇಲೆ ಒಂದು ಬಳೆಯಾಗಿ ಸುತ್ತುವರಿದಿವೆ. 1790ರ ಡಿಸೆಂಬರ್ 17ರಂದು ಮೆಕ್ಸಿಕೊ ನಗರದ ಮುಖ್ಯ ಚೌಕ ಅಗೆಯುವಾಗ ಸಿಕ್ಕ ಆ ಕಲ್ಲಿನ ಅಗಲ ಮೂರೂವರೆ ಮೀಟರಿಗಿಂತ ಹೆಚ್ಚು, ತೂಕ ಸುಮಾರು 24 ಟನ್. ಅದರ ನಡುವಿನ ಮುಖವನ್ನೇ ನಮ್ಮ 'ಸೂರ್ಯ' ಮಾಡಿಕೊಂಡೆವು. ಉಳಿದ ನಾಲ್ಕು ದಿನಚಿಹ್ನೆಗಳು. ಓಸೆಲೋಟ್ಲ್ ಅಂದರೆ ಜಾಗ್ವಾರ್. ಕ್ವೌಹ್ತ್ಲಿ ಅಂದರೆ ಹದ್ದು. ಅವರ ಶ್ರೇಷ್ಠ ಯೋಧರ ಎರಡು ಪಂಗಡಗಳೂ ಈ ಎರಡರ ಹೆಸರಿನವೇ. ತೋಚ್ತ್ಲಿ, ಮೊಲ. ಶೋಚಿತ್ಲ್, ಹೂ, ಇಪ್ಪತ್ತರಲ್ಲಿ ಕೊನೆಯದು. ಜೂಜಿನ ಹಾಗೂ ಆಟಗಳ ದೇವರ ಹೆಸರಲ್ಲೂ ಈ ಹೂವೇ ಇದೆ: ಮಾಕ್ವಿಲ್‌ಶೋಚಿತ್ಲ್, 'ಐದು ಹೂ'.

ಚಕ್ರದ ಮೇಲೆ ಅಂಟಿಸಿದ ಸಾಲು ಹೀಗೆ: ಸೂರ್ಯ, ಹೂ, ಮೊಲ, ಹದ್ದು, ಮೊಲ, ಜಾಗ್ವಾರ್, ಹೂ, ಹದ್ದು, ಮೊಲ, ಹೂ, ಮತ್ತೆ ಸೂರ್ಯ. ಅಂದರೆ ಸೂರ್ಯ 1, ಜಾಗ್ವಾರ್ 1, ಹದ್ದು 2, ಮೊಲ 3, ಹೂ 3. ಮೂರೂ ಚಕ್ರಕ್ಕೆ ಇದೇ ಪಟ್ಟಿ.

ಪಣಕ್ಕೆ ಚಿನ್ನ ಬೇಡ ಅಂದದ್ದು ಹುಡುಗ. ಅಜ್ಟೆಕರಿಗೆ ಚಿನ್ನಕ್ಕಿಂತ ಹಸಿರುಕಲ್ಲು, ಕ್ವೆಟ್ಸಾಲ್ ಹಕ್ಕಿಯ ಗರಿ ಹೆಚ್ಚು, ಸಂತೆಯಲ್ಲಿ ಚಿಲ್ಲರೆಯಾಗಿ ನಡೆಯುತ್ತಿದ್ದದ್ದು ಕೊಕೊ ಬೀಜ ಅಂತ ಓದಿ ಹೇಳಿದ್ದೆ. "ಕೊಕೊ ನಮ್ಮ ತೋಟದಲ್ಲೇ ಉಂಟಲ್ಲ ಮಾವ" ಅಂದ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ನಡುವೆ ಕೊಕೊ ಇರುವುದು ಮಾಮೂಲು. ಅಕ್ಕ ಬಸ್ಸಿನಲ್ಲಿ ಒಂದು ಚೀಲ ಒಣಬೀಜ ಕಳಿಸಿದಳು.

ಇನ್ನು ವಯರಿಂಗ್. ಒಂದು ಮೋಟಾರಿಗೆ ನಾಲ್ಕು ಪಿನ್ನು, ಮೂರಕ್ಕೆ ಹನ್ನೆರಡು. ಯುನೊದಲ್ಲಿ ಡಿ2ರಿಂದ ಡಿ13ರವರೆಗೆ ಸರಿಯಾಗಿ ಹನ್ನೆರಡು ಸಿಗುತ್ತವೆ. ಗುಂಡಿ ಎ3ಕ್ಕೆ, ಟಾಗಲ್ ಎ4ಕ್ಕೆ.

ಮೊದಲ ಸಲ ಕರೆಂಟು ಕೊಟ್ಟಾಗ ಮೋಟಾರು ಗುಯ್ ಅಂದಿತೇ ಹೊರತು ತಿರುಗಲಿಲ್ಲ. ಇದು ಈ ಮೋಟಾರು ಕೊಂಡ ಎಲ್ಲರಿಗೂ ಎದುರಾಗುವ ತೊಡಕು: ಡ್ರೈವರಿನ ನಾಲ್ಕು ಪಿನ್ನುಗಳನ್ನು ಪ್ರೋಗ್ರಾಮಿನಲ್ಲಿ 1, 2, 3, 4 ಅಂತ ಬರೆಯಬಾರದು, 1, 3, 2, 4 ಅಂತ ಬರೆಯಬೇಕು. ಅದು ಸರಿಯಾಯಿತು. ಆಮೇಲೆ ಮೂರೂ ಒಟ್ಟಿಗೆ ತಿರುಗಿಸಹೋದರೆ ಒಂದು ನಿಂತ ಮೇಲೆ ಇನ್ನೊಂದು ಹೊರಡುತ್ತದೆ. ಆರ್ಡುಯಿನೊ ಜೊತೆಗೆ ಬರುವ ಸ್ಟೆಪ್ಪರ್ ಲೈಬ್ರರಿ, ಅಂದರೆ ಮೋಟಾರು ಓಡಿಸುವ ಸಿದ್ಧ ಪ್ರೋಗ್ರಾಮು, ಒಂದು ಕೆಲಸ ಮುಗಿಯುವವರೆಗೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಅಕ್ಸೆಲ್‌ಸ್ಟೆಪ್ಪರ್ ಲೈಬ್ರರಿ ಹಾಕಿದ ಮೇಲೆ ಮೂರೂ ಜೊತೆಯಾಗಿ ಹೊರಟವು, ಹೊರಟ ಕ್ಷಣವೇ ಯುನೊ ರೀಸೆಟ್ ಆಯಿತು. ಮೂರು ಮೋಟಾರಿನ ಭಾರ ಬೋರ್ಡಿನ 5 ವೋಲ್ಟಿನ ಮೇಲೆ ಹೊರಿಸಿದ್ದೆ. ಹಳೆಯ 5 ವೋಲ್ಟ್ 2 ಆಂಪಿಯರ್ ಮೊಬೈಲ್ ಚಾರ್ಜರಿನಿಂದ ಮೋಟಾರುಗಳಿಗೆ ಬೇರೆ ಲೈನು ಎಳೆದು ಎರಡರ ಗ್ರೌಂಡನ್ನು (ಋಣ ವಯರನ್ನು) ಮಾತ್ರ ಒಂದಕ್ಕೊಂದು ಜೋಡಿಸಿದೆ. ಗ್ರೌಂಡ್ ಜೋಡಿಸಲು ಮರೆಯಬೇಡಿ. ಮರೆತರೆ ಮೋಟಾರು ಹುಚ್ಚುಹುಚ್ಚಾಗಿ ನಡುಗುತ್ತದೆ.

ಇವೆಲ್ಲ ಒಂದು ಸಂಜೆಯ ಕೆಲಸ. ಮೂರು ದಿನ ತಿಂದದ್ದು ಬೇರೆ.

ಮೊದಲ ಚಕ್ರ ಒಂದು ಸುತ್ತು, ಎರಡನೆಯದು ಎರಡು, ಮೂರನೆಯದು ಮೂರು ಸುತ್ತು ಹಾಕಿ ನಿಲ್ಲುವಂತೆ ಬರೆದಿದ್ದೆ. ನಿಮಿಷಕ್ಕೆ 12 ಸುತ್ತಿನ ವೇಗ, ಸುತ್ತಿಗೆ 5 ಸೆಕೆಂಡ್. ಮೊದಲ ಆಟ ಸರಿಯಾಗಿ ನಿಂತಿತು. ನಾಲ್ಕನೇ ಆಟದ ಹೊತ್ತಿಗೆ ಮೂರನೇ ಚಕ್ರ ಎರಡು ಮನೆಯ ನಡುವೆ ಸಿಕ್ಕಿಕೊಂಡು ನಿಂತಿತು. ತಲೆ ಹದ್ದಿನದು, ಕಾಲು ಮೊಲದ್ದು. ಎಂ-ಸೀಲ್ ಬಿಟ್ಟುಕೊಂಡು ಚಕ್ರ ಜಾರುತ್ತಿದೆ ಅಂತ ದಂಡಕ್ಕೂ ತಟ್ಟೆಗೂ ಸೇರಿಸಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಇಪ್ಪತ್ತು ಆಟ ಆದರೂ ಗೆರೆ ಒಡೆಯಲಿಲ್ಲ. ವೇಗ ಇಳಿಸಿದೆ, ಮೋಟಾರು ಬದಲಿಸಿದೆ, ಗುಣವಾಗಲಿಲ್ಲ.

ಸುಳಿವು ಸಿಕ್ಕಿದ್ದು ಹುಡುಗನ ಕಣ್ಣಿಗೆ. ಒಂದು ಕಾಗದದಲ್ಲಿ ಪ್ರತಿ ಆಟಕ್ಕೂ ಯಾವ ಚಕ್ರ ಎಷ್ಟು ತಪ್ಪಿತು ಅಂತ ಮಿ.ಮೀ. ಲೆಕ್ಕ ಬರೆದಿಟ್ಟಿದ್ದ. ಮೂರನೆಯದು ಮೊದಲನೆಯದರ ಮೂರರಷ್ಟು ತಪ್ಪುತ್ತಿತ್ತು, ಎರಡನೆಯದು ಎರಡರಷ್ಟು. ಸುತ್ತು ಎಷ್ಟೋ ತಪ್ಪೂ ಅಷ್ಟು. ಜಾರುವ ಚಕ್ರ ಇಷ್ಟು ಶಿಸ್ತಿನಿಂದ ಜಾರುವುದಿಲ್ಲ. ಒಂದು ಸುತ್ತಿಗೆ ನಾನು ಕೊಟ್ಟ ಲೆಕ್ಕವೇ ತಪ್ಪಿರಬೇಕು. ಎಲ್ಲರೂ ಬರೆಯುವಂತೆ ಸುತ್ತಿಗೆ 2048 ಹೆಜ್ಜೆ ಅಂತ ಬರೆದಿದ್ದೆ. ಈ ಮೋಟಾರಿನ ಗೇರಿನ ಅನುಪಾತವನ್ನು 64 ಅಂತ ಹೇಳುತ್ತಾರೆ, ಒಳಗಿನ ಹಲ್ಲು ಎಣಿಸಿದರೆ ಬರುವುದು ಸುಮಾರು 63.68. ಹಾಗಾಗಿ ನಿಜವಾದ ಸುತ್ತಿಗೆ ಬೇಕಾದದ್ದು 2038 ಹೆಜ್ಜೆಯ ಹತ್ತಿರ. ಸುತ್ತಿಗೆ ಹತ್ತು ಹೆಜ್ಜೆ ಹೆಚ್ಚಾದರೆ ಮೂರು ಸುತ್ತಿಗೆ ಮೂವತ್ತು. ನಮ್ಮ ಒಂದು ಮನೆಗೆ ಸುಮಾರು 204 ಹೆಜ್ಜೆ. ಮೂರೂವರೆ ಆಟಕ್ಕೆ ಅರ್ಧ ಮನೆ ತಪ್ಪುವುದಕ್ಕೆ ಇಷ್ಟೇ ಸಾಕು.

2038 ಅಂತ ತಿದ್ದಿದರೂ ದಶಾಂಶದ ಬಾಲ ಉಳಿಯುತ್ತದೆ, ನಿಧಾನವಾಗಿ ಮತ್ತೆ ತಪ್ಪುತ್ತದೆ. ಪ್ರತಿ ಚಕ್ರದ ಒಳಮೈಗೆ ಒಂದು ಸಣ್ಣ ಅಯಸ್ಕಾಂತ ಅಂಟಿಸಿ, ಎದುರಿಗೆ ಅಯಸ್ಕಾಂತ ಬಂದದ್ದನ್ನು ಗುರುತಿಸುವ ಎ3144 ಹಾಲ್ ಸೆನ್ಸರ್ ನಿಲ್ಲಿಸಿದೆ. ಎ0, ಎ1, ಎ2 ಇದಕ್ಕೇ ಉಳಿದಿದ್ದವು. ಸೂರ್ಯನ ಮನೆ ಸೆನ್ಸರಿನ ಮುಂದೆ ಹಾದಾಗಲೆಲ್ಲ ಎಣಿಕೆ ಸೊನ್ನೆಗೆ ಬರುತ್ತದೆ. ಈ ಸೆನ್ಸರಿಗೆ ಅಯಸ್ಕಾಂತದ ಒಂದು ಧ್ರುವ ಮಾತ್ರ ಕಾಣುತ್ತದೆ. ಅಂಟಿಸುವ ಮೊದಲು ಎರಡೂ ಮುಖ ಹಿಡಿದು ನೋಡಿಕೊಳ್ಳಿ, ನಾನು ಒಂದನ್ನು ಕಿತ್ತು ಮಗುಚಿ ಅಂಟಿಸಬೇಕಾಯಿತು. ಅಂದಿನಿಂದ ಒಂದು ಆಟವೂ ಮನೆ ತಪ್ಪಿಲ್ಲ.

ಯಂತ್ರ ನೆಟ್ಟಗಾದ ಮರುದಿನ ಹುಡುಗ ನನ್ನನ್ನು ಕರೆದು ಕೂರಿಸಿದ. "ಈಗ ಏಳನೇ ಆಟಕ್ಕೆ ಮೂರು ಹದ್ದು ಬರ್ತದೆ ನೋಡಿ." ಬಂತು. ಪ್ಲಗ್ ಕಿತ್ತು ಮತ್ತೆ ಹಾಕಿದ, ಏಳು ಆಟ ಆಡಿದ, ಮತ್ತೆ ಮೂರು ಹದ್ದು. ಅವನು ನಲವತ್ತು ಆಟದ ಸಾಲನ್ನು ಬರೆದಿಟ್ಟುಕೊಂಡಿದ್ದ. ಆರ್ಡುಯಿನೊದಲ್ಲಿ ಯದ್ವಾತದ್ವಾ ಅಂಕಿ ಕೊಡುವ ರ್‍ಯಾಂಡಮ್‌ಗೆ ಬೀಜಸಂಖ್ಯೆ, ಅಂದರೆ ಲೆಕ್ಕ ಹೊರಡಬೇಕಾದ ಮೊದಲ ಸಂಖ್ಯೆ, ಕೊಡದಿದ್ದರೆ ಪ್ರತಿ ಸಲ ಕರೆಂಟು ಬಂದಾಗಲೂ ಅದೇ ಸಾಲು ಮೊದಲಿನಿಂದ ಶುರು. ಯಂತ್ರಕ್ಕೆ ಯದ್ವಾತದ್ವಾ ಅನ್ನುವುದು ತಾನಾಗಿ ಬರುವುದಿಲ್ಲ, ಒಂದು ಸಂಖ್ಯೆಯಿಂದ ಹೊರಟು ಲೆಕ್ಕ ಹಾಕುತ್ತ ಹೋಗುತ್ತದೆ. ಆ ಲೆಕ್ಕದ ಒಳಗುಟ್ಟು ಬಲ್ಲವನಿಗೆ ಮುಂದಿನದು ಕಾಣುತ್ತದೆ. ಜೂಜಿನ ಮೇಲೆ ಕಣ್ಣಿಡುವ ಅಮೆರಿಕದ ನೆವಾಡಾ ರಾಜ್ಯದ ಗೇಮಿಂಗ್ ಕಂಟ್ರೋಲ್ ಬೋರ್ಡಿನಲ್ಲೇ ಕೆಲಸಕ್ಕಿದ್ದ ರೊನಾಲ್ಡ್ ಡೇಲ್ ಹ್ಯಾರಿಸ್ ಇದೇ ದಾರಿಯಲ್ಲಿ ಹೋಗಿ, 1995ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಬೀಳುವ ಅಂಕಿಗಳನ್ನು ಊಹಿಸುವ ಕೀನೊ ಆಟದಲ್ಲಿ ಸಿಕ್ಕಿಬಿದ್ದ. ಹುಡುಗನಿಗೆ ಈ ಕತೆ ಬಹಳ ಹಿಡಿಸಿತು. ಗುಂಡಿ ಒತ್ತಿದ ಗಳಿಗೆಯ ಮೈಕ್ರೊಸೆಕೆಂಡ್ ಎಣಿಕೆಯನ್ನೇ ಬೀಜಸಂಖ್ಯೆ ಮಾಡಿದೆ. ಮನುಷ್ಯನ ಬೆರಳು ಒಂದೇ ಮೈಕ್ರೊಸೆಕೆಂಡಿಗೆ ಎರಡು ಸಲ ಬೀಳಲಾರದು. ಅವನ ಪಟ್ಟಿ ಕೆಲಸಕ್ಕೆ ಬಾರದಾಯಿತು.

ಇಲ್ಲಿ ಇನ್ನೊಂದು ಮಾತು ಅವನಿಗೆ ತಾನಾಗಿ ಹೊಳೆಯಿತು: ಗುಂಡಿ ಒತ್ತಿದಾಗಲೇ ಮೂರು ಸಂಖ್ಯೆ ನಿರ್ಧಾರವಾಗಿ ಹೋಗಿದೆ, ಆಮೇಲಿನ ಹದಿನೈದು ಸೆಕೆಂಡ್ ಚಕ್ರ ತಿರುಗುವುದು ಆಗಿಹೋದ ಸುದ್ದಿಯನ್ನು ತರುವುದಕ್ಕೆ. ಮೊಬೈಲಿನ ಆಟವೂ ಹಾಗೆಯೇ. ಮೂರನೇ ಚಕ್ರ ನಿಧಾನವಾಗುವಾಗ ಅವನು ಪರದೆಯನ್ನು ಜೋರಾಗಿ ಒತ್ತುತ್ತಿದ್ದ.

ಈಗ ಹಿಂಬದಿಯ ಟಾಗಲ್ ಸ್ವಿಚ್ಚಿನ ವಿಷಯ. ಈ ಯಂತ್ರ ಕಟ್ಟಿದ್ದೇ ಅದಕ್ಕಾಗಿ.

ಸ್ವಿಚ್ಚು ಮೇಲಿದ್ದರೆ ಹತ್ತು ಮನೆಗೂ ಸಮಪಾಲು, ಕಂಡದ್ದೇ ಲೆಕ್ಕ. ಕೆಳಗಿದ್ದರೆ ಪ್ರೋಗ್ರಾಮಿನೊಳಗೆ ಕಣ್ಣಿಗೆ ಕಾಣದ 32 ಮನೆಯ ಚಕ್ರ. 32ರಲ್ಲಿ ಒಂದು ಅಂಕಿ ಆರಿಸಿ, ಅದು ಹೊರಗಿನ ಹತ್ತರಲ್ಲಿ ಯಾವುದಕ್ಕೆ ಸೇರಿದ್ದೋ ಅಲ್ಲಿಗೆ ಚಕ್ರವನ್ನು ತಂದು ನಿಲ್ಲಿಸುತ್ತದೆ. ಇದು ನನ್ನ ಕಲ್ಪನೆಯಲ್ಲ. ಇಂಗೆ ಟೆಲ್ನೇಸ್ ಅನ್ನುವವರಿಗೆ 1984ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕ ಉಪಾಯ ಇದು. ಕಬ್ಬಿಣದ ಚಕ್ರದ ಮೇಲೆ ಇಂತಿಷ್ಟೇ ಚಿತ್ರ ಹಿಡಿಸುತ್ತದೆ, ದೊಡ್ಡ ಬಹುಮಾನ ಇಡಬೇಕಾದರೆ ಗೆಲ್ಲುವುದು ಅಪರೂಪವಾಗಬೇಕು. ಅದಕ್ಕೆ ಚಕ್ರವನ್ನು ಹಾಗೇ ಬಿಟ್ಟು ಅದೃಷ್ಟವನ್ನು ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಹಿಗ್ಗಿಸಿದರು. ಮೊಬೈಲಿಗೆ ಕಬ್ಬಿಣದ ಹಂಗೇ ಇಲ್ಲ, ಪಟ್ಟಿ ಎಷ್ಟುದ್ದ ಬೇಕಾದರೂ ಇರಬಹುದು, ಪರದೆಯಲ್ಲಿ ಕಾಣುವುದು ಅದರ ಒಂದು ತುಣುಕು.

ನಾನು ಹಂಚಿದ ಪಾಲು: ಸೂರ್ಯನಿಗೆ 1, ಜಾಗ್ವಾರಿಗೆ 2, ಎರಡು ಹದ್ದಿಗೆ ಸೇರಿ 5, ಮೂರು ಮೊಲಕ್ಕೆ 10, ಮೂರು ಹೂವಿಗೆ 14. ಹೂವಿನ ಹದಿನಾಲ್ಕರಲ್ಲಿ ಸೂರ್ಯನ ಮೇಲಿರುವ ಹೂವಿಗೆ 6, ಕೆಳಗಿರುವುದಕ್ಕೆ 6, ದೂರದ ಹೂವಿಗೆ ಎರಡೇ. ಬಹುಮಾನ ಒಂದು ಬೀಜಕ್ಕೆ: ಮೂರು ಸೂರ್ಯ 5000, ಮೂರು ಜಾಗ್ವಾರ್ 500, ಹದ್ದು 40, ಮೊಲ 6, ಹೂ 3.

ಲ್ಯಾಪ್‌ಟಾಪಿನಲ್ಲಿ ಒಂದು ಲಕ್ಷ ಆಟ ಓಡಿಸಿ ನೋಡಿದೆ. ಹಾಕಿದ ನೂರಕ್ಕೆ 75 ವಾಪಸು ಬಂತು. ಎಲ್ಲೋ ತಪ್ಪಿದ್ದೇನೆ ಅಂತ ಪ್ರೋಗ್ರಾಮು ಪೂರ್ತಿ ಜಾಲಾಡಿದೆ. ತಪ್ಪಿರಲಿಲ್ಲ. ಆ ಲಕ್ಷದಲ್ಲಿ ಮೂರು ಸೂರ್ಯ ಒಂದೇ ಸಲ ಬಿದ್ದಿತ್ತು. ಸರಾಸರಿಗೆ ಮೂರು ಸಲ ಬೀಳಬೇಕು, ಒಂದೊಂದು ಸಲಕ್ಕೆ ಶೇಕಡಾ ಐದು ಏರುಪೇರು. ಲಕ್ಷ ಆಟವೂ ಸಾಲದು ಅಂದಮೇಲೆ ಸಂಜೆಗೊಮ್ಮೆ ಆಡುವವನಿಗೆ ಯಂತ್ರದ ಸ್ವಭಾವ ತಿಳಿಯುವುದು ಹೇಗೆ? ಕೊನೆಗೆ ಅದೃಷ್ಟದ ಆಟವನ್ನೇ ಬಿಟ್ಟು ಎಲ್ಲ ಜೋಡಣೆಗಳನ್ನೂ ಒಂದೊಂದಾಗಿ ಎಣಿಸಿದೆ. 32 ಸಲ 32 ಸಲ 32, ಒಟ್ಟು 32,768. ಮೂರು ಸೂರ್ಯ 1, ಜಾಗ್ವಾರ್ 8, ಹದ್ದು 125, ಮೊಲ 1000, ಹೂ 2744. ಬಹುಮಾನದಿಂದ ಗುಣಿಸಿ ಕೂಡಿದರೆ 28,232 ಬೀಜ. ಶೇಕಡಾ 86.16.

ಇದೇ ಬಹುಮಾನವನ್ನು ಕಣ್ಣಿಗೆ ಕಾಣುವ ಹತ್ತು ಮನೆಯ ಲೆಕ್ಕದಲ್ಲಿ ಕೊಟ್ಟರೆ? 1000 ಬೀಜಕ್ಕೆ 6063 ಬೀಜ. ಯಂತ್ರ ಇಟ್ಟವನು ದಿವಾಳಿ. ಚಕ್ರ ನೋಡಿ ಎಣಿಸುವವನ ಮನಸ್ಸಿನಲ್ಲಿ ಓಡುವುದು ಈ ಲೆಕ್ಕ, ಅವನ ಕೈಗೆ ಸಿಗುವುದು ಆ ಲೆಕ್ಕ.

ಕಿಟಕಿಯಲ್ಲಿ ಪ್ರತಿ ಚಕ್ರದ ಮೂರು ಮನೆ ಕಾಣುತ್ತದೆ: ಗೆರೆಯ ಮೇಲಿನದು, ಗೆರೆಯದು, ಕೆಳಗಿನದು. ಸೂರ್ಯನ ಅಕ್ಕಪಕ್ಕದ ಹೂವಿಗೆ ಆರಾರು ಪಾಲು ಕೊಟ್ಟದ್ದರಿಂದ ಒಂದು ಚಕ್ರದ ಕಿಟಕಿಯಲ್ಲಿ ಸೂರ್ಯ ಎಲ್ಲಾದರೂ ಕಾಣುವ ಪಾಲು 32ರಲ್ಲಿ 13. ಮೂರೂ ಕಿಟಕಿಯಲ್ಲಿ ಒಟ್ಟಿಗೆ ಕಾಣುವುದು 32,768ರಲ್ಲಿ 2197 ಸಲ, ಅಂದರೆ ಹೆಚ್ಚುಕಡಿಮೆ ಹದಿನೈದು ಆಟಕ್ಕೊಮ್ಮೆ. ಅಷ್ಟರಲ್ಲಿ ಮೂರೂ ಗೆರೆಯ ಮೇಲೇ ನಿಲ್ಲುವುದು ಒಂದೇ ಒಂದು. "ಒಂದೇ ಮನೆ ಕೆಳಗೆ" ಅನ್ನುವುದು ಇಷ್ಟು ಸುಲಭವಾಗಿ ತಯಾರಾಗುತ್ತದೆ. ಅದನ್ನು ನನ್ನ ಕೈಯಾರೆ ಬರೆದೆ, ಬರೆಯಲು ಬೇಕಾದದ್ದು ಎರಡು ಸಾಲು.

ಅವನಿಗೆ ಹೇಳದೆ ಸ್ವಿಚ್ಚು ಹಾಕಿ ನೂರು ನೂರು ಆಟ ಆಡಿಸಿದೆ. ಸ್ವಿಚ್ಚು ಮೇಲಿದ್ದ ನೂರರಲ್ಲಿ ಆರು ಗೆಲುವು, 64 ಬೀಜ ವಾಪಸು, ಮೂರು ಕಿಟಕಿಯಲ್ಲೂ ಸೂರ್ಯ ಕಂಡದ್ದು ಮೂರು ಸಲ. ಕೆಳಗಿದ್ದ ನೂರರಲ್ಲಿ ಹನ್ನೆರಡು ಗೆಲುವು, 82 ಬೀಜ, ಸೂರ್ಯ ಕಂಡದ್ದು ಏಳು ಸಲ. ಯಾವ ಯಂತ್ರ ಒಳ್ಳೆಯದು ಅಂತ ಕೇಳಿದೆ.

"ಎರಡನೇದು. ಅದರಲ್ಲಿ ಬರ್ತಾ ಇರ್ತದೆ. ಸೂರ್ಯ ಕೂಡ ಹತ್ತಿರ ಬಂದಾಯ್ತು."

ನೂರಕ್ಕೆ 606 ಕೊಡುವ ಯಂತ್ರವನ್ನು ಬಿಟ್ಟು 86 ಕೊಡುವುದನ್ನು ಆರಿಸಿದ. ಹೂವಿನ ಮೂರು ಮೂರು ಬೀಜ ಕೈಗೆ ಬೀಳುತ್ತಿದ್ದದ್ದೂ ಸೂರ್ಯ ಇಣುಕುತ್ತಿದ್ದದ್ದೂ ಸೇರಿ ಹಾಗೆ ಮಾಡಿಸಿತ್ತು. ಎಣಿಕೆಯ ಹಾಳೆ ತೋರಿಸಿದಾಗ ತುಂಬ ಹೊತ್ತು ಸುಮ್ಮನಿದ್ದ. 32,768 ಅನ್ನುವುದು ಮಾತ್ರ ಅವನಿಗೆ ದಕ್ಕಲಿಲ್ಲ. ನನಗೂ ಅಷ್ಟು ದೊಡ್ಡ ಸಂಖ್ಯೆ ಕಣ್ಣಿಗೆ ಕಟ್ಟುವುದಿಲ್ಲ.

ಅದಕ್ಕೆ ದಾರಿ ಅಜ್ಟೆಕರ ಹತ್ತಿರವೇ ಇತ್ತು. ಅವರ ಜೂಜಾಟ ಪತೋಲ್ಲಿ. ಚಾಪೆಯ ಮೇಲೆ ಶಿಲುಬೆಯಾಕಾರದ ಮನೆಗಳು, ದಾಳಕ್ಕೆ ಒಂದು ಮುಖಕ್ಕೆ ಗುರುತು ಮಾಡಿದ ಕಪ್ಪು ಬೀನ್ಸ್ ಕಾಳುಗಳು. ಅವರ ಆಚಾರಗಳನ್ನು ಚಿತ್ರಿಸಿಟ್ಟ ಮಾಲ್ಯಾಬೆಕಿಯಾನೊ ಹೊತ್ತಗೆಯ ಒಂದು ಚಿತ್ರದಲ್ಲಿ ನಾಲ್ವರು ಆಡುತ್ತಿರುತ್ತಾರೆ, ಮಾಕ್ವಿಲ್‌ಶೋಚಿತ್ಲ್ ದೇವರು ನೋಡುತ್ತಿರುತ್ತಾನೆ. ಚಾಪೆಯನ್ನು ಕಂಕುಳಲ್ಲಿ ಇರುಕಿ ಕಾಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಜೂಜುಗಾರರು ಊರೆಲ್ಲ ತಿರುಗುತ್ತಿದ್ದರು, ಎಲ್ಲ ಸೋತು ಕೊನೆಗೆ ತಮ್ಮನ್ನೇ ಪಣಕ್ಕಿಟ್ಟು ಗುಲಾಮರಾದವರೂ ಇದ್ದರು ಅಂತ 16ನೇ ಶತಮಾನದ ಸ್ಪೇನಿನ ಪಾದ್ರಿಗಳು ಬರೆದಿಟ್ಟಿದ್ದಾರೆ. ಅದು ಮುಗ್ಧ ಆಟವೇನೂ ಅಲ್ಲ. ನಮ್ಮ ಧರ್ಮರಾಯನ ಪಗಡೆಯಂತೆಯೇ. ಈ ಎರಡು ಆಟಗಳ ಹೋಲಿಕೆ ಕಂಡು ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1870ರ ದಶಕದಲ್ಲೇ ಪ್ರಬಂಧ ಬರೆದಿದ್ದ. ಚೌಕಾಬಾರದ ಕವಡೆ ಹೇಗೆ ಮಗುಚಿ ಬೀಳುತ್ತದೋ ಆ ಕಾಳೂ ಹಾಗೇ. ಆದರೆ ಕಾಳು ಎದುರಿಗೇ ಇದೆ, ಐದು ಅಂದರೆ ಐದು.

ರಾಜ್ಮಾ ಕೂಡ ಅಮೆರಿಕ ಮೂಲದ ಕಾಳೇ. ಡಬ್ಬಿಯಿಂದ ಐದು ತೆಗೆದು ಒಂದೊಂದು ಮುಖಕ್ಕೆ ಬಿಳಿ ಚುಕ್ಕಿ ಇಟ್ಟೆವು. ಒಂದು ಕಾಳಿಗೆ ಎರಡು ಮುಖ, ಐದಕ್ಕೆ 32 ಬಗೆ. ಐದೂ ಚುಕ್ಕಿ ಮೇಲೆ ಬೀಳುವುದು 32ರಲ್ಲಿ ಒಂದು. ನಮ್ಮ ಒಂದು ಚಕ್ರದ ಸೂರ್ಯನಿಗೆ ಕೊಟ್ಟ ಪಾಲೂ ಅಷ್ಟೇ. "ಐದು ಚುಕ್ಕಿ ಬೀಳಿಸು. ಕೂಡಲೇ ಇನ್ನೊಮ್ಮೆ ಬೀಳಿಸು. ಮತ್ತೊಮ್ಮೆ ಬೀಳಿಸು. ಮೂರೂ ಒಂದರ ಹಿಂದೆ ಒಂದು ಬಂದರೆ ಅದು ನಿನ್ನ ಜಾಕ್‌ಪಾಟ್" ಅಂದೆ.

ಆ ಸಂಜೆ ಇನ್ನೂರು ಸಲ ಎಸೆದ. ಐದು ಚುಕ್ಕಿ ಏಳು ಸಲ ಬಿತ್ತು. ಬೆನ್ನುಬೆನ್ನಿಗೆ ಒಮ್ಮೆಯೂ ಬೀಳಲಿಲ್ಲ. ಮೊಬೈಲು ಮೇಜಿನ ಮೇಲೆ ಮಗುಚಿ ಬಿದ್ದಿತ್ತು.

ಯಂತ್ರ ಈಗ ನನ್ನ ಬಳಿ ಇದೆ. ಮೂರನೇ ಮೋಟಾರಿನ ಗೇರು ಕಿರುಗುಟ್ಟುತ್ತದೆ, ಬದಲಿಸಬೇಕು. ಕಾಳುಗಳನ್ನು ಅವನು ಕರವಸ್ತ್ರದಲ್ಲಿ ಕಟ್ಟಿಕೊಂಡು ಊರಿಗೆ ಹೋದ. ಎಣಿಕೆ ಬರೆದ ಪುಸ್ತಕದ ಪುಟಗಳನ್ನು ಆಗಾಗ ಫೋಟೊ ತೆಗೆದು ಕಳಿಸುತ್ತಾನೆ. ಕಳೆದ ಭಾನುವಾರ ಎಣಿಕೆ 1100 ದಾಟಿತ್ತು. ಫೋಟೊದ ಕೆಳಗೆ ಬರೆದಿದ್ದ: "ಮಾವ, ಇವತ್ತು ಎರಡು ಸಲ ಬೆನ್ನುಬೆನ್ನಿಗೆ ಐದು ಬಿತ್ತು. ಮೂರನೇ ಸಲ ನಾಲ್ಕು. ನಾಲ್ಕು ಬೀಳುವುದು 32ರಲ್ಲಿ ಐದು ಸಲ, ಅದಕ್ಕೂ ಐದಕ್ಕೂ ಏನೂ ಸಂಬಂಧ ಇಲ್ಲ ಅಂತ ಅಮ್ಮನಿಗೆ ಹೇಳಿದೆ."